ದಿಕ್ಸೂಚಿಯ ಪಾಠಕ್ಕೆ ಹಂಪಿಯ ನಕ್ಷೆ

ಅಭ್ಯಾಸ ಬೋಧನೆಯಲ್ಲಿ ದಿಕ್ಸೂಚಿಯ ಪಾಠಕ್ಕೆ ನಾನು ಹಂಪಿಯ ನಕ್ಷೆ ಒಯ್ದಿದ್ದೆ. ‘ಇದು ವಿಜ್ಞಾನದ ವಿಷಯವಲ್ಲ’ ಎಂದು ವೀಕ್ಷಣಾ ಪುಸ್ತಕದಲ್ಲಿ ಷರಾ ಬಂತು, ಅಂಕವೂ ಹೋಯಿತು. ನನಗೆ ಒಪ್ಪಿಗೆಯಿಲ್ಲ.

ಹಂಪಿಯ ಅಧ್ಯಯನವೇ ಹಾಗೆ ಬೆಳೆದದ್ದು. 1980ರ ದಶಕದಿಂದ ಸುಮಾರು 20 ವರ್ಷ ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್, ಆಸ್ಟ್ರೇಲಿಯಾ ಮೂಲದ ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಷೆಲ್ ಇಲ್ಲಿ ಕೆಲಸ ಮಾಡಿದರು. ನಮ್ಮ ರಾಜ್ಯದ ಪುರಾತತ್ತ್ವ ಇಲಾಖೆ ಜೊತೆಗಿತ್ತು. ದೇಶವಿದೇಶಗಳ ವಿದ್ಯಾರ್ಥಿಗಳೂ ಬಂದು ಅಳತೆಗೆ ನಿಂತರು. ಗೋಪುರ, ಕಂಬಗಳಷ್ಟೇ ಅಲ್ಲ, ಮುರಿದ ಗೋಡೆ, ದಾರಿ, ಬಾವಿಗಳೂ ನಕ್ಷೆಗೆ ಏರಿದವು. ಮುಂದೆ ಫ್ರಿಟ್ಜ್ ಜೊತೆ ಸೇರಿದ ಮೆಕ್‌ಕಿಮ್ ಮ್ಯಾಲ್ವಿಲ್ ಖಗೋಳ ಭೌತವಿಜ್ಞಾನಿ! ಹಜಾರರಾಮ ದೇವಾಲಯದಿಂದ ಮಾತಂಗ ಬೆಟ್ಟದ ತುದಿ ಉತ್ತರಕ್ಕೇ ಇದೆ ಎಂಬುದನ್ನು ಅವರು ಚರ್ಚಿಸಿದರು.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದಳು. “ಮಿಸ್, ಬೆಟ್ಟ ಮೊದಲೇ ಇತ್ತು. ಗುಡಿ ಅದಕ್ಕೆ ನೇರ ಬಂದದ್ದು ಆಕಸ್ಮಿಕ ಇರಬಹುದಲ್ಲ?”

ಅಳತೆ ದಿಕ್ಕನ್ನು ಹೇಳುತ್ತದೆ, ಕಟ್ಟಿದವರ ಉದ್ದೇಶವನ್ನಲ್ಲ. ಉದ್ದೇಶ ತಿಳಿಯಲು ಶಾಸನ ಓದಬೇಕು, ಸುಗ್ರೀವ ವಾಲಿಗೆ ಹೆದರಿ ಅಡಗಿದ್ದು ಇದೇ ಮಾತಂಗದಲ್ಲಿ ಎನ್ನುವ ಅಲ್ಲಿನ ಜನರ ಮಾತನ್ನೂ ಕೇಳಬೇಕು. ಹೊರಗಿನವರು ಉಪಕರಣ ತಂದರು ಸರಿ. ಈ ಅರ್ಥ ಮಾತ್ರ ಊರಿನದೇ. ವಿದ್ವಾಂಸರ ಕೊಡುಕೊಳ್ಳುವಿಕೆ ಎಂದರೆ ನನಗೆ ತಿಳಿದದ್ದು ಇಷ್ಟು.

ಉಳಿದ ಹದಿನೈದು ನಿಮಿಷ ಅವಳ ಪ್ರಶ್ನೆಗೇ ಹೋಯಿತು. ‘ಇಂಥ ಎಷ್ಟು ಗುಡಿ ನೇರ ಬಂದರೆ ಆಕಸ್ಮಿಕ ಅಲ್ಲ ಅನ್ನಬಹುದು?’ ಎಂದು ಗಂಟೆ ಬಾರಿಸಿದ ಮೇಲೂ ವಾದ ನಡೆದಿತ್ತು.