ಗಾಳಿಯನ್ನು ಕಲ್ಲಾಗಿಸುವ ಊರಿನಲ್ಲಿ

ರೇಕ್ಯಾವಿಕ್ ಬಿಟ್ಟು ಪೂರ್ವಕ್ಕೆ ಅರ್ಧ ಗಂಟೆ ಸಾಗುವಷ್ಟರಲ್ಲಿ ಕೊಳೆತ ಮೊಟ್ಟೆಯ ವಾಸನೆ ಕಾರಿನೊಳಗೆ ನುಗ್ಗಿತು. ಪಾಚಿ ಹೊದ್ದ ಲಾವಾ ಬಯಲು, ಆಚೆ ಹೆಂಗಿಲ್ ಜ್ವಾಲಾಮುಖಿ, ಅದರ ಮಗ್ಗುಲಲ್ಲಿ ಬಿಳಿ ಹಬೆ ಉಗುಳುವ ಹೆಲ್ಲಿಸ್‌ಹೇದಿ ಸ್ಥಾವರ. ಐಸ್‌ಲ್ಯಾಂಡಿನವರು ಇಲ್ಲಿ ನೆಲದ ಕಾವಿನಿಂದ 303 ಮೆಗಾವಾಟ್ ವಿದ್ಯುತ್ ತೆಗೆಯುತ್ತಾರೆ. ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಮಾತ್ರ ಕಾರ್ಬ್‌ಫಿಕ್ಸ್. ಇಂಗಾಲದ ಡೈಆಕ್ಸೈಡನ್ನು ನೆಲದಡಿ ಕಲ್ಲಾಗಿಸುವ ಯೋಜನೆ ಅದು.

ಆಳದಿಂದ ಕೊರೆದು ತೆಗೆದ ಕಲ್ಲಿನ ತುಂಡೊಂದನ್ನು ಅಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಕಪ್ಪು ಬಸಾಲ್ಟ್. ಅದರ ತೂತುಗಳಲ್ಲೆಲ್ಲ ಬಿಳಿ ಕ್ಯಾಲ್ಸೈಟ್ ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದರೂ ಏಳದು. ವಿಜಯಪುರದ ಕಡೆ ಬಾವಿ ತೋಡುವಾಗ ಸಿಗುವ ಕರಿಕಲ್ಲೂ ಇದೇ ಜಾತಿಯದು. ಅನಿಲವನ್ನು ನೀರಿನಲ್ಲಿ ಕರಗಿಸಿ, ಸೋಡಾದಂತೆ ಮಾಡಿ, ಕೊಳವೆಬಾವಿಗೆ ಇಳಿಸುತ್ತಾರೆ. ಆ ಹುಳಿನೀರು ಕಲ್ಲಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಬಿಡಿಸಿಕೊಂಡು ಅವುಗಳ ಜತೆ ಸೇರಿ ಖನಿಜವಾಗುತ್ತದೆ. 2012ರಲ್ಲಿ ಪ್ರಯೋಗಕ್ಕೆಂದು ಇಳಿಸಿದ ಅನಿಲದಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೇ ಕಲ್ಲಾಯಿತು. ಒಮ್ಮೆ ಕಲ್ಲಾದದ್ದು ಸೋರಿ ಮೇಲೆ ಬರುವ ಭಯವಿಲ್ಲ. ಕೈಯಲ್ಲಿದ್ದ ಆ ತುಂಡು ನನಗೆ ನಿಜಕ್ಕೂ ಭರವಸೆ ಕೊಟ್ಟಿತು.

ಭಯ ಇರುವುದು ನೀರಿನಲ್ಲಿ. ಒಂದು ಟನ್ ಅನಿಲ ಹೂಳಲು ಸುಮಾರು 25 ಟನ್ ನೀರು ಬೇಕು. ಪಕ್ಕದ ಹೂಸ್‌ಮೂಲಿಯಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಸ್ಥಾವರದ ಬಳಸಿದ ನೀರನ್ನು ನೆಲದೊಳಕ್ಕೆ ಬಿಡತೊಡಗಿದರು; ಅದಕ್ಕಿನ್ನೂ ಅನಿಲ ಬೆರೆಸುತ್ತಿರಲಿಲ್ಲ. ನೆಲ ಅದುರತೊಡಗಿತು. ಅಕ್ಟೋಬರ್ 15ರಂದು 4ರ ಆಸುಪಾಸಿನ ತೀವ್ರತೆಯ ಎರಡು ಕಂಪನಗಳಾದವು. ಬಿರುಕಿನೊಳಗೆ ನೀರಿನ ಒತ್ತಡ ಏರಿದಾಗ ಬಿಗಿದು ನಿಂತ ಬಂಡೆಗಳ ಹಿಡಿತ ಸಡಿಲಾಗಿ, ಮೊದಲೇ ಒತ್ತಡ ಹೊತ್ತಿದ್ದ ಕಡೆ ಅವು ಜಾರುತ್ತವೆ. 2014ರಿಂದ ಅನಿಲ ಕರಗಿಸಿದ ನೀರೂ ಅದೇ ಹೂಸ್‌ಮೂಲಿಗೆ ಇಳಿಯಿತು.

ನನಗೆ ಕೊಯ್ನಾ ನೆನಪಾಯಿತು. ಕೃಷ್ಣೆಯನ್ನು ಸೇರುವ ಆ ನದಿಯ ಜಲಾಶಯ ತುಂಬಿದ ಮೇಲೆ, 1967ರ ಡಿಸೆಂಬರ್‌ನಲ್ಲಿ, 6.3ರ ಭೂಕಂಪವಾಯಿತು. ಅದೂ ಬಸಾಲ್ಟ್ ಸೀಮೆಯೇ. ದಖನ್ನಿನ ಕಲ್ಲಿನಲ್ಲೂ ಅನಿಲ ಹೂಳಬಹುದು ಎನ್ನುವವರು ಕೊಯ್ನಾವನ್ನು ಮರೆತು ಮಾತಾಡಬಾರದು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಹಳ್ಳಿಗಳ ಅಡಿಗೆ ಅಷ್ಟು ನೀರನ್ನು ಎಲ್ಲಿಂದ ತರುತ್ತಾರೆ ಎಂಬುದನ್ನೂ ಹೇಳಬೇಕು.

ಮಧ್ಯಾಹ್ನ ಗುಡ್ಡ ಇಳಿದು ಹ್ವೆರಗೇರ್ದಿ ಎಂಬ ಊರಿಗೆ ಹೋದೆ. ಅಂಗಡಿ ಸಂಕೀರ್ಣದ ಗಾಜಿನ ನೆಲದ ಕೆಳಗೆ ಭೂಮಿಯ ಬಿರುಕೊಂದು ಕಾಣುತ್ತದೆ. 2008ರಲ್ಲಿ ತಾನಾಗಿ ಬಂದ 6.3ರ ಭೂಕಂಪವನ್ನು ಕಂಡ ಜನ ಇವರು. ಮೂರು ವರ್ಷಕ್ಕೆ ಹೂಸ್‌ಮೂಲಿಯ ಕಂಪನಗಳೂ ಇವರ ಮನೆಗಳನ್ನು ಅಲುಗಿಸಿದಾಗ ಸುಮ್ಮನಿರಲಿಲ್ಲ, ಕೇಳಿದರು. ಆಮೇಲೆ ನಿಯಮವೇ ಬದಲಾಯಿತು: ನೀರಿನ ಹರಿವನ್ನು ಹಂತಹಂತವಾಗಿ ಮಾತ್ರ ಏರಿಳಿಸಬೇಕು, ದೊಡ್ಡ ಬದಲಾವಣೆ ಇದ್ದರೆ ಮೊದಲು ಊರಿಗೆ ತಿಳಿಸಬೇಕು.