ನೇರಳೆ ಇಂಕು

ಹೊಸೂರಿಂದ ನೇರಳೆ ಇಂಕಿನ ಬಾಟಲಿ ತಂದೆ. ಪೆನ್ನನ್ನು ಮೂರು ಸಲ ತೊಳೆದರೂ ನಾಲಿಗೆಯ ಸಂದಿನಲ್ಲಿ ಅಡಗಿದ್ದ ಹಳೇ ನೀಲಿ ಬಿಡಲಿಲ್ಲ. ಮೊದಲೆರಡು ಸಾಲು ಅದೂ ಅಲ್ಲ, ಇದೂ ಅಲ್ಲ.

ಪೆನ್ನು ನೋಡೋಕೆ ಎಲ್ಲರೂ ತಮ್ಮ ಹೆಸರು ಬರೀತಾರೆ, ನಾನು ಊರ ಹೆಸರು ಬರೆದೆ. ಕನ್ನಡದ ‘ಕೆಲಮಂಗಲ’ದಲ್ಲಿ ಬಣ್ಣ ಸುತ್ತಿ ಸುತ್ತಿ ಹೋಗಿ ಸುರುಳಿಯ ಕೊನೆಯಲ್ಲಿ ಗಾಢವಾಗಿ ನಿಂತಿತು. ತಮಿಳಲ್ಲಿ ಬರೆದರೆ ಮೂಲೆಮೂಲೆಗೆ ಹೋಗಿ ಕೂತಿತು. (ನಮ್ಮೂರಿನ ಮೂರನೇ ಮಾತು ತೆಲುಗಲ್ಲೂ ಬರೆಯಬೇಕಿತ್ತು, ಲಿಪಿ ಸರಿಯಾಗಿ ಬರಲ್ಲ.)

ಹಳಬರ ಅಳಲೆಕಾಯಿ ಮಸಿಯ ಕತೆಯೇ ಬೇರೆ. ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತಿತ್ತು. ಬರೆದ ಮೇಲೂ ಗಾಳಿಗೆ ಇನ್ನಷ್ಟು ಕಪ್ಪೇರಿ ಕಾಗದ ಕಚ್ಚಿಕೊಳ್ಳುತ್ತಿತ್ತು. ನನ್ನ ನೇರಳೆ ಬರೀ ನೀರಲ್ಲಿ ಕರಗಿದ ಬಣ್ಣ. ಅದರಲ್ಲಿ ಬರೆದ ಹಾಲಿನ ಲೆಕ್ಕದ ಮೇಲೆ ಒಂದೇ ಹನಿ ನೀರು ಬಿತ್ತು ನೋಡಿ, ಮೂರು ದಿನದ ಹಾಲು ಹೂವಾಗಿ ಅರಳಿಬಿಟ್ಟಿತು.

ಕೆಂಪು ಮೇಷ್ಟ್ರದು, ಹಸಿರು ಗೆಜೆಟೆಡ್ ಅಧಿಕಾರಿಯದು, ನೀಲಿ ಬ್ಯಾಂಕಿನ ಚಲನ್‌ಗೆ. ನೇರಳೆ ಮಾತ್ರ ಯಾರ ಪಾಲಿನದೂ ಅಲ್ಲ ಅಂತ ಖುಷಿಪಡುತ್ತಿದ್ದೆ.

ಬೆರಳು ನೋಡಿ ಅಮ್ಮ ಕೇಳಿದರು: “ಎಲ್ಲಿ ಸಿಕ್ತೋ ನೇರಳೆಹಣ್ಣು? ನಂಗೆ ನಾಲ್ಕು ತರಬಾರದಿತ್ತಾ?”