ಮುಂದಿನ ತರಬೇತುದಾರ ಯಾರು?

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹವೇ 2013ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬನ್ನು ಹುಟ್ಟುಹಾಕಿದ್ದರಿಂದ, ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಅಭಿಮಾನಿ ಬಳಗವಾದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಮಂದಿಯಲ್ಲಿ ಏಳುವ ‘ಮುಂದಿನ ಮ್ಯಾನೇಜರ್ ಯಾರು’ ಎಂಬ ಚರ್ಚೆಗೆ ತೋರಣಗಲ್ಲಿನ ನಂಟೂ ಇದೆ. ಇಂಗ್ಲೆಂಡಿನ ವಾಡಿಕೆಯಲ್ಲಿ ಮ್ಯಾನೇಜರ್ ಎಂದರೆ ತರಬೇತಿಯ ಜೊತೆಗೆ ಆಟಗಾರರ ಖರೀದಿಯಲ್ಲೂ ಮಾತು ನಡೆಯುವವನು; ಭಾರತದಲ್ಲಿ ಅವನು ಸಾಮಾನ್ಯವಾಗಿ ಮುಖ್ಯ ತರಬೇತುದಾರ ಮಾತ್ರ. ಕ್ಲಬ್ಬಿಗೆ ಬಂದ ಇಂಥ ತರಬೇತುದಾರರಲ್ಲಿ ಆಶ್ಲೆ ವೆಸ್ಟ್‌ವುಡ್ ಎರಡು ಐ-ಲೀಗ್ ಗೆದ್ದುಕೊಟ್ಟರು. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಆಗ ಏಷ್ಯಾದ ಕ್ಲಬ್ಬುಗಳ ಎರಡನೇ ಸ್ತರದ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್‌ನ ಫೈನಲ್‌ಗೆ ಒಯ್ದರು. ರೋಕಾರ ಸಹಾಯಕರಾಗಿದ್ದು ತಂಡದ ಒಳಹೊರಗು ಬಲ್ಲ ಕಾರ್ಲೆಸ್ ಕ್ವಾದ್ರತ್ 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದರೂ, 2021ರ ಜನವರಿಯಲ್ಲಿ, ಋತು ಮುಗಿಯುವ ಮೊದಲೇ, ಹೊರನಡೆಯಬೇಕಾಯಿತು. ಹೀಗೆ ಹೆಸರುಗಳು ಬರುತ್ತವೆ, ಹೋಗುತ್ತವೆ. ಆದರೆ ಕ್ಲಬ್ಬಿನ ವಸತಿ ಅಕಾಡೆಮಿಯ ಹುಡುಗರು ಪಳಗಿದ್ದು ಇದೇ ತೋರಣಗಲ್ಲಿನ ಬಳಿಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಬಿಸಿಲಿನಲ್ಲಿ. ಆದ್ದರಿಂದ ಅಭಿಮಾನಿಗಳು ಯಾವ ದೇಶದವನು ಬರುತ್ತಾನೆ ಎಂಬುದಕ್ಕಿಂತ, ಬಂದವನು ಈ ಹುಡುಗರನ್ನು ಎಷ್ಟು ನಿಮಿಷ ಅಂಗಳಕ್ಕಿಳಿಸುತ್ತಾನೆ ಎಂಬುದನ್ನು ಕೇಳುವುದೇ ಸರಿ.